ಪಟ್ಟಿಯ ಹೊರಗಿನ ತಾಯ್ನುಡಿ



ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಈ ಉಪನ್ಯಾಸ ದತ್ತಿಯನ್ನು ಸ್ಥಾಪಿಸಿದ ಮಹನೀಯರು ವರ್ಷಕ್ಕೊಂದು ಸಲವಾದರೂ ಈ ಪೇಟೆಯ ಜನ ಒಂದೆಡೆ ಕಲೆತು, ನುಡಿಯನ್ನು ಕುರಿತು ಒಂದು ಗಳಿಗೆ ನಿಷ್ಠೆಯಿಂದ ಆಲೋಚಿಸಬೇಕೆಂದು ಬಯಸಿದವರು. ಅವರ ಆಶಯಕ್ಕೆ ತಲೆಬಾಗಿ ಮಾತನಾಡಲು ನಿಂತಿರುವ ನನ್ನಿಂದ ತಾವು ಕನ್ನಡದ ಹಿರಿಮೆಯ ವರ್ಣನೆಯನ್ನು ನಿರೀಕ್ಷಿಸಿದ್ದರೆ ಅದು ಸಹಜವಾದದ್ದೇ. ಆದರೆ ಇಂದು ನಾನು ಆರಿಸಿಕೊಂಡಿರುವುದು ಕನ್ನಡದ ನೆರೆಮನೆಯಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದರೂ ನಮ್ಮ ಪಂಚಾಂಗದಲ್ಲಿ ಎಲ್ಲಿಯೂ ನಮೂದಾಗದ ಒಂದು ನುಡಿಯ ವಿಚಾರ. ಅದನ್ನು ನಾವು ಲಂಬಾಣಿ ಭಾಷೆಯೆನ್ನುತ್ತೇವೆ. ಆಡುವವರು ಗೋರ್‌ಮಾಟಿ ಎನ್ನುತ್ತಾರೆ, ಗೋರ್‌ಬೋಲಿ ಎನ್ನುತ್ತಾರೆ. ರಾಷ್ಟ್ರದ ಭಾಷಾನೀತಿ ಒಂದು ಸಣ್ಣ ನುಡಿಯನ್ನು ನಿಷೇಧಿಸದೆಯೂ, ನಿಂದಿಸದೆಯೂ, ಬರಿಯ ಪಟ್ಟಿಗಳ ಮೂಲಕವೇ ಹೇಗೆ ಸೊರಗಿಸಬಲ್ಲುದೆಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ಈ ವಿಚಾರ ನನ್ನ ಮನಸ್ಸನ್ನು ಹೊಕ್ಕದ್ದು 2011ರ ಫೆಬ್ರವರಿಯಲ್ಲಿ. ಆಗ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದ ನನಗೆ, ಉಳಿದ ಉಪಾಧ್ಯಾಯರಂತೆಯೇ, ಜನಗಣತಿಯ ಕೆಲಸ ಬಿದ್ದಿತ್ತು. ನನ್ನ ಪಾಲಿಗೆ ಬಂದದ್ದು ಸಂಡೂರಿನ ಗುಡ್ಡಗಳ ಕಡೆಯ ಒಂದು ತಾಂಡಾ, ಲಂಬಾಣಿಗರ ವಸತಿ. ಮಧ್ಯಾಹ್ನದ ಹೊತ್ತು; ಕಟ್ಟೆಯ ಮೇಲೆ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ತೊಡೆಯ ಮೇಲೆ ಕೆಂಪು ಬಟ್ಟೆಯನ್ನು ಹರವಿಕೊಂಡು ಸೂಜಿ ಹಿಡಿದು ಕುಳಿತಿದ್ದಳು. ಹೆಸರು, ವಯಸ್ಸು, ಮಕ್ಕಳ ಸಂಖ್ಯೆ ಎಲ್ಲವನ್ನೂ ಬರೆದುಕೊಂಡು ಮಾತೃಭಾಷೆಯ ಅಂಕಣಕ್ಕೆ ಬಂದಾಗ ಅವಳು ಸೂಜಿಯಿಂದ ಕಣ್ಣೆತ್ತದೆ “ಗೋರ್‌ಮಾಟಿ” ಎಂದಳು. ನಾನು “ಲಂಬಾಣಿ” ಎಂದು ಬರೆದೆ. ಎದ್ದು ಹೊರಡುವಾಗ ಅವಳು ಕೇಳಿದಳು: “ಇಷ್ಟೆಲ್ಲಾ ಬರಕೊಂಡ್ರಲ್ರಿ ಸರ, ಇದು ಎಲ್ಲಿಗೆ ಹೋಗತೈತ್ರಿ?” “ದಿಲ್ಲಿಗೆ ಹೋಗತೈತಮ್ಮ, ಅಲ್ಲಿ ಲೆಕ್ಕ ಆಗತೈತಿ” ಎಂದು ಉತ್ತರಿಸಿ ಮುಂದಿನ ಮನೆಗೆ ನಡೆದೆ. ನನ್ನ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಲೆಕ್ಕದ ಬಗೆಯನ್ನು ನಾನೂ ಅರಿತಿರಲಿಲ್ಲ.

ಆ ಗಣತಿಯ ಭಾಷಾವಿವರಗಳು 2018ರಲ್ಲಿ ಪ್ರಕಟವಾದಾಗ ಕುತೂಹಲದಿಂದ ಪುಟಗಳನ್ನು ತಿರುವಿದೆ. ನಮ್ಮ ದೇಶದ ಜನ ತಮ್ಮ ಮಾತೃಭಾಷೆಯೆಂದು ಹೇಳಿಕೊಂಡ ಹೆಸರುಗಳು 19,569. ಅವನ್ನು ಶೋಧಿಸಿ ಗಣತಿಯವರು ಅಂಗೀಕರಿಸಿದ ಮಾತೃಭಾಷೆಗಳು 1,369. ಅವುಗಳಲ್ಲಿ 10,000ಕ್ಕೂ ಹೆಚ್ಚು ಜನ ಆಡುವಂಥವನ್ನು ಮತ್ತೆ ಗುಂಪುಗೂಡಿಸಿ ‘ಭಾಷೆ’ಗಳೆಂದು ಹೆಸರಿಸಿದ್ದು ಕೇವಲ 121. ಆ 121ರಲ್ಲಿ ಲಂಬಾಣಿ ಇಲ್ಲ. ಅದು ಇರುವುದು ‘ಹಿಂದಿ’ ಎಂಬ ತಲೆಬರಹದ ಕೆಳಗೆ, ಐವತ್ತಕ್ಕೂ ಹೆಚ್ಚು ನುಡಿಗಳ ಸಾಲಿನಲ್ಲಿ, ಒಂದು ಒಳಪಂಕ್ತಿಯಾಗಿ. ಲಮಾಣಿ ಅಥವಾ ಲಂಬಾಡಿಯೆಂದು ಹೇಳಿಕೊಂಡವರು ಸುಮಾರು 32.76 ಲಕ್ಷ; ಅದೇ ನುಡಿಯನ್ನು ಬಂಜಾರಿಯೆಂದವರು ಸುಮಾರು 15.81 ಲಕ್ಷ. ಹಿಂದಿಯನ್ನಾಡುವವರು 52 ಕೋಟಿಗೂ ಮಿಗಿಲೆಂದು ನಾವು ಓದುವ ಸಂಖ್ಯೆಯೊಳಗೆ 5 ಕೋಟಿ ಭೋಜಪುರಿಗಳೊಡನೆ ಈ ಲಕ್ಷಾಂತರ ಗೋರ್ ಜನರೂ, ಎಂದರೆ ಲಂಬಾಣಿಗರೂ, ಸೇರಿಹೋಗಿದ್ದಾರೆ. ಆ ತಾಯಿ ಹೇಳಿದ್ದು ಗೋರ್‌ಮಾಟಿ. ನಾನು ಬರೆದದ್ದು ಲಂಬಾಣಿ. ದಿಲ್ಲಿಯಲ್ಲಿ ಕೂಡಿಕೊಂಡದ್ದು ಹಿಂದಿ. ಅವಳಿಗಾಗಲಿ ಅವಳ ಮಕ್ಕಳಿಗಾಗಲಿ ಅಂದು ಹಿಂದಿಯಲ್ಲಿ ನಾಲ್ಕು ವಾಕ್ಯಗಳೂ ಬರುತ್ತಿರಲಿಲ್ಲವೆಂಬುದಕ್ಕೆ ನಾನೇ ಸಾಕ್ಷಿ.

ಲಂಬಾಣಿಯು ಉತ್ತರದ ಆರ್ಯಭಾಷೆಗಳ ವಂಶಕ್ಕೆ ಸೇರಿದ್ದು, ಅದನ್ನು ಹಿಂದಿಯ ಪಕ್ಕದಲ್ಲಿ ಕೂರಿಸಿದರೆ ತಪ್ಪೇನೆಂದು ಕೇಳುವವರುಂಟು. ವಂಶ ಬೇರೆ, ವ್ಯಕ್ತಿತ್ವ ಬೇರೆ. ಕನ್ನಡವೂ ತಮಿಳೂ ಒಂದೇ ವಂಶದವಾದ ಮಾತ್ರಕ್ಕೆ ಕನ್ನಡವನ್ನು ತಮಿಳಿನ ಲೆಕ್ಕಕ್ಕೆ ಸೇರಿಸಿದರೆ ನಾವು ಸುಮ್ಮನಿರುತ್ತಿದ್ದೆವೆ? ಭಾರತದ ಭಾಷೆಗಳನ್ನು ಮೊತ್ತಮೊದಲು ಸಮಗ್ರವಾಗಿ ಪರಿಶೀಲಿಸಿದ ಗ್ರಿಯರ್ಸನ್ನರು ತಮ್ಮ ಸರ್ವೇಕ್ಷಣದ ಒಂಬತ್ತನೆಯ ಸಂಪುಟದ ಮೂರನೆಯ ಭಾಗದಲ್ಲಿ, ಅಂದರೆ 1907ರಷ್ಟು ಹಿಂದೆಯೇ, ಈ ನುಡಿಗೆ ಪ್ರತ್ಯೇಕ ಸ್ಥಾನವನ್ನು ಕೊಟ್ಟು, ಅದರ ನಂಟನ್ನು ರಾಜಸ್ಥಾನದ ಕಡೆಗೆ ತೋರಿಸಿದ್ದರು. ಅಂದು ಪರಕೀಯ ಪಂಡಿತನೊಬ್ಬನ ಕಣ್ಣಿಗೆ ಬೇರೆಯಾಗಿ ಕಂಡದ್ದು ಸ್ವತಂತ್ರ ಭಾರತದ ಕೋಷ್ಟಕದಲ್ಲಿ ಒಂದಾಗಿಹೋದದ್ದು ವಿಷಾದದ ಸಂಗತಿ.

ಬರಿಯ ಕೋಷ್ಟಕವಲ್ಲವೆ, ಅದರಿಂದ ಏನು ಕೆಡುತ್ತದೆ ಎನ್ನುವಂತಿಲ್ಲ. ಏಕೆಂದರೆ ರಾಜ್ಯವ್ಯವಸ್ಥೆಯಲ್ಲಿ ಒಂದು ಪಟ್ಟಿ ಇನ್ನೊಂದಕ್ಕೆ ದಾರಿ. ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಆರಂಭಕ್ಕೆ 14 ಭಾಷೆಗಳಿದ್ದವು; 1967ರಲ್ಲಿ ಸಿಂಧಿ, 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ, 2003ರಲ್ಲಿ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ ಸೇರಿ ಈಗ 22 ಆಗಿವೆ. ಪಟ್ಟಿಯೊಳಗಿನ ಭಾಷೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ, ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಸ್ಥಾನ, ಪಠ್ಯಪುಸ್ತಕ, ಅನುವಾದ, ಅನುದಾನ, ಹೊರಗಿನದಕ್ಕೆ ಮನವಿಪತ್ರ. ಸೇರ್ಪಡೆಗಾಗಿ ಕಾದಿರುವ ಭಾಷೆಗಳ ಸಾಲಿನಲ್ಲಿ ನಮ್ಮ ತುಳು, ಕೊಡವಗಳ ಜೊತೆಗೆ ಬಂಜಾರವೂ ನಿಂತಿದೆ. ಒಳಗೆ ಬರಲು ಯಾವ ಅಳತೆಗೋಲೆಂಬುದನ್ನು ಸಂವಿಧಾನವು ಎಲ್ಲಿಯೂ ಹೇಳಿಲ್ಲ. ಸಂಸ್ಕೃತವನ್ನು ಮಾತೃಭಾಷೆಯೆಂದವರು 2011ರಲ್ಲಿ 24,821 ಮಂದಿ. ಅದು ಪಟ್ಟಿಯಲ್ಲಿರುವುದು ಉಚಿತವೇ ಆಗಿದೆ, ಆ ಭಾಷೆಯ ಋಣ ನಾನೀಗ ಆಡುತ್ತಿರುವ ಪ್ರತಿಯೊಂದು ವಾಕ್ಯದ ಮೇಲೂ ಇದೆ. ಸಂಖ್ಯೆ ಚಿಕ್ಕದೆಂದು ಸಂಸ್ಕೃತವನ್ನು ಕೈಬಿಡದ ರಾಷ್ಟ್ರಕ್ಕೆ, ಸಂಖ್ಯೆ ದೊಡ್ಡದಾಗಿದ್ದರೂ ಗೋರ್‌ಬೋಲಿಯ ಹೆಸರನ್ನೇ ಹಿಂದಿಯಲ್ಲಿ ಕರಗಿಸುವ ಅಗತ್ಯವೇನಿತ್ತೆಂಬುದಷ್ಟೆ ನನ್ನ ಪ್ರಶ್ನೆ. ಹಿಂದಿಯನ್ನು ಬೆಳೆಸುವುದು ಒಕ್ಕೂಟದ ಕರ್ತವ್ಯವೆಂದು ವಿಧಿಸಿರುವ 351ನೆಯ ಅನುಚ್ಛೇದಕ್ಕೆ ಇಲಾಖೆಗಳಿವೆ, ಅಧಿಕಾರಿಗಳಿದ್ದಾರೆ, ವರ್ಷಕ್ಕೊಂದು ಉತ್ಸವವಿದೆ. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಅನುಕೂಲ ಕಲ್ಪಿಸಬೇಕೆಂದು 1956ರಲ್ಲಿ ಸೇರಿಸಿದ 350ಎ ಅನುಚ್ಛೇದ ತಾಂಡಾದ ದಾರಿಯನ್ನೇ ಹಿಡಿದಿಲ್ಲ.

ಈ ಕಡೆಗಣನೆಗೆ ಇದಕ್ಕಿಂತ ಆಳವಾದ ಕಾರಣವೊಂದುಂಟು. ಭಾಷಾವಾರು ಪ್ರಾಂತಗಳ ರಚನೆ ನಮಗೆ ಮನೆಯನ್ನು ಕೊಟ್ಟಿತು. ಗೋರ್ ಜನಕ್ಕೆ ಕೊಟ್ಟದ್ದು ಗೋಡೆಗಳನ್ನು. ಎತ್ತುಗಳ ಬೆನ್ನಿನ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು, ಲದೇಣಿಯೆಂದು ಅವರು ಕರೆಯುವ ಆ ಸಂಚಾರದಲ್ಲಿ, ದಖ್ಖನ್ನಿನ ಉದ್ದಗಲವನ್ನೆಲ್ಲ ನಡೆದ ಜನಕ್ಕೆ ಒಂದೇ ಸೀಮೆಯೆಂಬುದಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲುದಾರಿ ಬಂದು ಹೇರೆತ್ತಿನ ವ್ಯಾಪಾರ ಮುರಿದುಬಿದ್ದಾಗ ಎಲ್ಲೆಲ್ಲಿದ್ದರೋ ಅಲ್ಲಲ್ಲೇ ಗುಡ್ಡದ ಬದಿಯಲ್ಲಿ ತಾಂಡಾ ಹೂಡಿದರು. ಹೀಗಾಗಿ ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ಆಂಧ್ರ–ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಬರೆಯಬೇಕೆಂದರೆ ಇಲ್ಲಿ ಕನ್ನಡ ಲಿಪಿ, ಆಚೆ ತೆಲುಗು ಲಿಪಿ, ಇನ್ನೂ ಆಚೆ ದೇವನಾಗರಿ. ಈ ಎಲ್ಲ ರಾಜ್ಯಗಳಲ್ಲಿಯೂ ಇದ್ದು ಯಾವ ರಾಜ್ಯದ ಭಾಷೆಯೂ ಆಗದ ನುಡಿಯ ಪರವಾಗಿ ಯಾವ ವಿಧಾನಸಭೆಯೂ ತನ್ನದೆಂಬ ಹಠದಿಂದ ನಿರ್ಣಯ ಮಾಡಿ ದಿಲ್ಲಿಯ ಬಾಗಿಲನ್ನು ಬಡಿಯದು.

ಇನ್ನು ಶಾಲೆಯ ಮಾತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ತ್ರಿಭಾಷಾ ಸೂತ್ರವನ್ನು ಕೊಟ್ಟಿತು. ನಮ್ಮ ಕಡೆಯ ಶಾಲೆಯಲ್ಲಿ ಅದರ ಅರ್ಥ ಕನ್ನಡ, ಇಂಗ್ಲಿಷ್, ಹಿಂದಿ. ತಾಂಡಾದ ಮಗುವಿಗೆ ಈ ಮೂರರಲ್ಲಿ ಒಂದೂ ತಾಯಿಯದಲ್ಲ; ತಾಯಿಯದು ಸೂತ್ರದ ಹೊರಗಿನ ನಾಲ್ಕನೆಯದು. ಈ ವಿಷಯದಲ್ಲಿ ನನ್ನದೊಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಸಿಕೊಳ್ಳಬೇಕಾಗಿದೆ. ಒಂದನೆಯ ತರಗತಿಯಲ್ಲಿ ಚಿತ್ರಪಟವನ್ನು ತೂಗುಹಾಕಿ, ರೊಟ್ಟಿಯ ಚಿತ್ರದ ಮೇಲೆ ಕೋಲಿಟ್ಟು “ಇದು ಏನು?” ಎಂದು ಕೇಳಿದೆ. ತಾಂಡಾದ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಕೈಯೆತ್ತಿ “ಬಾಟಿ” ಎಂದಳು. ನಾನು “ತಪ್ಪು” ಎಂದೆ. ಉಳಿದ ಮಕ್ಕಳು ನಕ್ಕರು. ಆ ಹುಡುಗಿ ಹೇಳಿದ್ದು ಸರಿಯಾಗಿತ್ತು. ಅವಳ ಮನೆಯಲ್ಲಿ ರೊಟ್ಟಿ ಬಾಟಿಯೇ, ತಾಯಿ ಯಾಡಿಯೇ, ನೀರು ಪಾಣಿಯೇ. ಒಂದು ಭಾಷೆ ಕಲಿಯಬೇಕಾದ ಮಗುವಿಗೆ, ಅದಕ್ಕೆ ಮೊದಲು, ತನಗೆ ಬರುವ ಭಾಷೆ ತಪ್ಪೆಂಬುದನ್ನು ನಾನು ಕಲಿಸಿದೆ. ಆ ವರ್ಷವೆಲ್ಲ ಅವಳು ತಾನಾಗಿ ಕೈಯೆತ್ತಲಿಲ್ಲ. ಭಾಷಾನೀತಿಯೆಂಬುದು ದಿಲ್ಲಿಯ ಕಡತಗಳಲ್ಲಿ ಮಾತ್ರ ಇರುತ್ತದೆಂದು ತಿಳಿಯುವುದು ತಪ್ಪು. ಅದರ ಕೊನೆಯ ಅಧಿಕಾರಿ ಒಂದನೆಯ ತರಗತಿಯ ಉಪಾಧ್ಯಾಯ, ಅದರ ಆಜ್ಞೆ ಅವನ ಬಾಯಿಂದ ಹೊರಡುವ ಆ ಒಂದು ಶಬ್ದ.

ಹಾಗೆ ಮೌನವಾದ ಮಗು ಬೆಳೆದು ತಾಯಿಯಾದಾಗ, ತನಗಾದ ಅವಮಾನ ತನ್ನ ಮಗುವಿಗಾಗದಿರಲೆಂದು ಮನೆಯಲ್ಲಿ ಕನ್ನಡವನ್ನೇ ಆಡತೊಡಗುತ್ತಾಳೆ. ಲಕ್ಷಾಂತರ ಜನರಾಡುವ ನುಡಿಗೆ ಅಳಿವಿನ ಭಯವೇ ಎಂದು ಸಂಶಯಪಡುವವರು ಗಮನಿಸಬೇಕಾದದ್ದು ಇದನ್ನೇ. ನುಡಿಗಳ ಜೀವಶಕ್ತಿಯನ್ನು ಅಳೆಯಲು 2003ರಲ್ಲಿ ಯುನೆಸ್ಕೊದ ತಜ್ಞರು ಒಂಬತ್ತು ಅಂಶಗಳನ್ನು ಗೊತ್ತುಮಾಡಿದಾಗ ಮೊದಲನೆಯದಾಗಿ ಇಟ್ಟದ್ದು ಜನಸಂಖ್ಯೆಯನ್ನಲ್ಲ, ತಲೆಮಾರಿನಿಂದ ತಲೆಮಾರಿಗೆ ನುಡಿ ದಾಟುತ್ತಿದೆಯೇ ಎಂಬುದನ್ನು. ಊರ ಕೆರೆ ತುಂಬಿದೆಯೆಂದು ಹಿಗ್ಗುವ ಮೊದಲು ಒಳಹರಿವಿನ ಕಾಲುವೆ ಹೂತಿದೆಯೇ ಎಂದು ನೋಡುವವನೇ ರೈತ.

ಅಳಿಯುವುದೇನೆಂಬುದನ್ನು ಎರಡು ವಸ್ತುಗಳಿಂದ ಹೇಳಿ ಮುಂದುವರಿಯುತ್ತೇನೆ. ಗೋರ್ ಜನರಲ್ಲಿ ಢಾವಲೋ ಎಂಬ ಹಾಡಿನ ಬಗೆಯುಂಟು. ಮದುವೆಯ ಹೆಣ್ಣು ತೌರನ್ನು ಬಿಡುವಾಗ ತಾಯಿ, ತಂದೆ, ಅಣ್ಣ, ಗೆಳತಿ ಒಬ್ಬೊಬ್ಬರ ಕೊರಳನ್ನೂ ತಬ್ಬಿ, ಅಳುವನ್ನೇ ರಾಗವಾಗಿಸಿ ಹಾಡುತ್ತಾಳೆ. ಅದಕ್ಕೆ ಬರೆದಿಟ್ಟ ಪಾಠವಿಲ್ಲ. ಅಜ್ಜಿಯರ ಬಾಯಿಂದ ಕೇಳಿ ಮೈಗೂಡಿಸಿಕೊಂಡವಳು ಆ ಗಳಿಗೆಯಲ್ಲಿ ತನ್ನ ಬಾಳಿನ ಮಾತನ್ನು ಅದರೊಳಗೆ ಸೇರಿಸುತ್ತಾಳೆ. ಅದನ್ನು ಕನ್ನಡಕ್ಕೆ ಅನುವಾದಿಸಬಹುದು. ಆದರೆ ಅನುವಾದದಲ್ಲಿ ಯಾವ ಹೆಣ್ಣುಮಗಳೂ ಅಳಲಾರಳು. ಎರಡನೆಯದು ಕಸೂತಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ–20ರ ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳು ಹೊಲಿದ 1,755 ಬಟ್ಟೆಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನು ಸೇರಿತು. ಆ ಹೊಲಿಗೆಗಳಿಗೆ ಹೆಸರುಗಳಿವೆ: ಕಿಲಣ್, ವೇಲೆ, ಮಕಿ, ನಕ್ರಾ, ರೇಲೊ. ಅವುಗಳ ನಡುವೆ ‘ಸೂರ್ಯಕಾಂತಿ ಮಕಿ’ ಎಂಬುದೊಂದಿದೆ. ನಮ್ಮ ಹೂವಿನ ಹೆಸರು ಅವರ ಹೊಲಿಗೆಯ ಹೆಸರಿನೊಡನೆ ಜೋಡಿಯಾಗಿ ಕುಳಿತಿರುವ ಆ ಪದವನ್ನು ಕೇಳಿದಾಗಲೆಲ್ಲ, ಎರಡು ನುಡಿಗಳು ಒಂದನ್ನೊಂದು ನುಂಗದೆ ಕೂಡಿ ಬಾಳುವ ಬಗೆಯನ್ನು ಯಾವುದೋ ಅನಾಮಿಕ ತಾಯಿ ಸೂಜಿಯ ಮೊನೆಯಲ್ಲಿ ತೋರಿಸಿಕೊಟ್ಟಳೆಂದು ನನಗನ್ನಿಸುತ್ತದೆ. ಬಟ್ಟೆಗೆ ಸರ್ಕಾರದ ದಫ್ತರದಲ್ಲಿ ಗುರುತು ಸಿಕ್ಕಿತು. ಬಟ್ಟೆಯನ್ನು ಹೊಲಿಯುತ್ತ ತಾಯಿ ಮಗಳಿಗೆ ಹೊಲಿಗೆ ಕಲಿಸುವ ಮಾತಿಗೆ ಮಾತ್ರ ಗುರುತಿಲ್ಲ.

ಬಂಧುಗಳೆ, ಈ ಮಾತನ್ನು ಬೇರೆಲ್ಲಿಯೂ ಆಡದೆ ಬಳ್ಳಾರಿಯಲ್ಲಿಯೇ ಆಡಲು ಕಾರಣವಿದೆ. ಪಟ್ಟಿಗಳೂ ವರದಿಗಳೂ ಒಂದು ನುಡಿಯ ಹಣೆಬರಹವನ್ನು ಹೇಗೆ ಬರೆಯುತ್ತವೆಂಬುದನ್ನು ನಮ್ಮಷ್ಟು ಬಲ್ಲವರು ಕರ್ನಾಟಕದಲ್ಲಿ ವಿರಳ. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲದ ಭಾಗವಾಗಿ ನಾವು ಮದರಾಸಿನ ಅಧೀನಕ್ಕೆ ಹೋದೆವು. ಒಂದೂವರೆ ಶತಮಾನ ಕಾಲ ಆ ವಿಶಾಲ ಪ್ರಾಂತದಲ್ಲಿ ಕನ್ನಡವು ಮೂಲೆಯ ಭಾಷೆಯಾಗಿತ್ತು. 1926ರಲ್ಲಿ ಫ.ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವು ಈ ಊರಿನಲ್ಲಿ ಸೇರಿದಾಗ, 1938ರಲ್ಲಿ ಮತ್ತೆ ಸೇರಿದಾಗ, ನಮ್ಮ ಹಿರಿಯರು ಬೇಡಿದ್ದು ದೊಡ್ಡದೇನನ್ನೂ ಅಲ್ಲ: ನಮ್ಮ ನುಡಿಯನ್ನು ನಮ್ಮ ನುಡಿಯೆಂದು ಕರೆಯಿರಿ, ನಮ್ಮ ಮಕ್ಕಳಿಗೆ ಅದರಲ್ಲಿ ಕಲಿಸಿರಿ ಎಂಬುದಷ್ಟೆ. ಆಂಧ್ರರಾಜ್ಯವು ಹುಟ್ಟುವ ವೇಳೆಗೆ ಬಳ್ಳಾರಿ ತಾಲ್ಲೂಕು ಯಾರದೆಂಬುದನ್ನು ನಿರ್ಣಯಿಸಲು ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ ನಡೆಯಬೇಕಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಸೇರಿದವು, ಆದವಾನಿ, ಆಲೂರು, ರಾಯದುರ್ಗಗಳು ಆಚೆಗೆ ಹೋದವು. ಆ ಏಕೀಕರಣದ ಸಂಭ್ರಮಕ್ಕೆ ಕಟ್ಟಿದ ಮಂಟಪವನ್ನು ಕಾಯುತ್ತ ಪ್ರಾಣ ತೆತ್ತ ಪೈಲ್ವಾನ್ ರಂಜಾನ್ ಸಾಬರ ಹೆಸರನ್ನು ಈ ಊರು ಮರೆಯಲಾಗದು. ಅಷ್ಟಾದ ಮೇಲೂ 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯ ಕಾರಣವನ್ನು ಮುಂದುಮಾಡಿ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಗಳನ್ನು ಆಂಧ್ರಕ್ಕೆ ಕೊಡಬಹುದೆಂದು ಬರೆದಾಗ ಈ ಸೀಮೆ ನಿದ್ದೆಗೆಟ್ಟಿತು; ಆ ಶಿಫಾರಸು ಜಾರಿಗೆ ಬಾರದ್ದು ನಮ್ಮ ಪುಣ್ಯ.

ಹೀಗೆ ನೊಂದು ಗೆದ್ದವರು ನಾವು. ಗೆದ್ದ ಮೇಲೆ ಏನು ಮಾಡಿದೆವು? 2011ರ ಅದೇ ಕೋಷ್ಟಕದಲ್ಲಿ ‘ಕನ್ನಡ’ ಎಂಬ ತಲೆಬರಹದ ಕೆಳಗೂ ಒಳಪಂಕ್ತಿಗಳಿವೆ: ನೀಲಗಿರಿಯ 1.33 ಲಕ್ಷ ಬಡಗರ ನುಡಿ, ಕಾಡಿನ ಕುರುಬ–ಕುರುಂಬರ ನುಡಿ. ಅವನ್ನು ಕೂಡಿಸಿಕೊಂಡೇ ನಾವು 4.37 ಕೋಟಿಯಾದೆವು. ಹಿಂದಿಯ ಹೊಟ್ಟೆಯನ್ನು ದೂರುವ ನಾವು ನಮ್ಮ ಹೊಟ್ಟೆಯೊಳಗೆ ಯಾರಿದ್ದಾರೆಂದು ನೋಡಿಕೊಂಡಿಲ್ಲ. ದಿಲ್ಲಿಯಿಂದ ನಮ್ಮ ಮೇಲೆ ಬೀಳುವ ನೆರಳನ್ನು ನಾವು ಬೇಗ ಗುರುತಿಸುತ್ತೇವೆ. ನಮ್ಮಿಂದ ತಾಂಡಾದ ಮೇಲೆ ಬೀಳುವ ನೆರಳು, ಬೆನ್ನ ಹಿಂದೆ ಬೀಳುವುದರಿಂದ, ನಮಗೆ ಕಾಣುವುದಿಲ್ಲ. ಕನ್ನಡದ ಮೇಲಿನ ನನ್ನ ಪ್ರೀತಿಯೇ ಈ ಮಾತನ್ನು ಆಡಿಸುತ್ತಿದೆ. ನಾವು ಮದರಾಸಿನೆದುರು ಕೇಳಿದ ನ್ಯಾಯವನ್ನು ಗೋರ್‌ಬೋಲಿಗೆ ಕೊಡದೆ ಹೋದರೆ, ಅಂದು ನಾವು ಕೇಳಿದ್ದು ನ್ಯಾಯವಲ್ಲ, ಸರದಿ ಮಾತ್ರ ಎಂದಾಗುತ್ತದೆ.

ತಾಂಡಾದ ತಂದೆತಾಯಿಗಳೇ ಕನ್ನಡ, ಇಂಗ್ಲಿಷುಗಳನ್ನು ಬಯಸುತ್ತಾರಲ್ಲವೆ ಎಂಬ ಆಕ್ಷೇಪಣೆಯನ್ನು ನಾನು ಲಘುವಾಗಿ ತಳ್ಳಿಹಾಕಲಾರೆ. ಸುಗ್ಗಿ ಮುಗಿದೊಡನೆ ಮಕ್ಕಳನ್ನು ಕಟ್ಟಿಕೊಂಡು ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಜನ, ಮಗನಾದರೂ ಈ ಅಲೆದಾಟದಿಂದ ಪಾರಾಗಲೆಂದು ಬಯಸುವುದು ಧರ್ಮವೇ ಆಗಿದೆ. ಆದರೆ ತಾಯ್ನುಡಿಯಲ್ಲಿ ಅಡಿಗಲ್ಲಿಟ್ಟ ಮಗು ಎರಡನೆಯ ನುಡಿಯನ್ನು ಹೆಚ್ಚು ಗಟ್ಟಿಯಾಗಿ ಕಲಿಯುತ್ತದೆಂಬ ತತ್ತ್ವವನ್ನು, ಇಂಗ್ಲಿಷಿನೆದುರು ಕನ್ನಡ ಮಾಧ್ಯಮದ ಪರವಾಗಿ ವಾದಿಸುವಾಗ ನಾವೇ ದಶಕಗಳಿಂದ ಸಾರಿದ್ದೇವೆ. ಅದು ಕನ್ನಡಕ್ಕೆ ನಿಜವಾದರೆ ಗೋರ್‌ಬೋಲಿಗೂ ನಿಜ. ಒಡಿಶಾ ರಾಜ್ಯವು 2006–07ರ ಸುಮಾರಿಗೆ 10 ಆದಿವಾಸಿ ನುಡಿಗಳಲ್ಲಿ ಮೊದಲ ತರಗತಿಗಳ ಬೋಧನೆಯನ್ನು ಆರಂಭಿಸಿ, ಮುಂದೆ 21 ನುಡಿಗಳಿಗೆ ವಿಸ್ತರಿಸಿತು. ಅದರಿಂದ ಒಡಿಯಾ ಬಡವಾಗಲಿಲ್ಲ. 2020ರ ಶಿಕ್ಷಣ ನೀತಿಯೂ ಸಾಧ್ಯವಾದೆಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆನ್ನುತ್ತದೆ. ‘ಸಾಧ್ಯವಾದೆಡೆ’ ಎಂಬ ಆ ಒಂದು ಪದದ ಹಿಂದೆ ಅವಿತುಕೊಳ್ಳದೆ, ಸಾಧ್ಯವಾಗಿಸಬೇಕಾದವರು ನಾವು.

ನನ್ನ ಪ್ರಾರ್ಥನೆಗಳು ಮೂರೇ. ತಾಂಡಾದ ಶಾಲೆಯ ಮೊದಲ ಎರಡು ವರ್ಷಗಳಲ್ಲಿ ಗೋರ್‌ಬೋಲಿಯನ್ನು ಕನ್ನಡ ಲಿಪಿಯಲ್ಲಿ ಬರೆದು ಕಲಿಸಲಿ, ಅದನ್ನು ಬಲ್ಲ ತಾಂಡಾದ ಹೆಣ್ಣುಮಕ್ಕಳನ್ನೇ ಬೋಧಕಿಯರನ್ನಾಗಿ ನೇಮಿಸಲಿ. ಆ ದಾರಿಯಲ್ಲಿಯೇ ಮಗು ಕನ್ನಡದ ಅಕ್ಷರಕ್ಕೂ ನಡೆದುಬರುತ್ತದೆ. 1991ರಲ್ಲಿ ನಮ್ಮ ಹಂಪಿಯಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯವೂ ನಮ್ಮ ಪರಿಷತ್ತುಗಳೂ ಆ ನುಡಿಯ ಕೋಶ, ವ್ಯಾಕರಣ, ಢಾವಲೋಗಳ ಸಂಗ್ರಹವನ್ನು ಹಿರಿಯ ಹೆಂಗಸರು ಬದುಕಿರುವಾಗಲೇ ಕೈಗೆತ್ತಿಕೊಳ್ಳಲಿ. ಬರಲಿರುವ 2027ರ ಜನಗಣತಿಯ ಕೋಷ್ಟಕದಲ್ಲಿ ಲಂಬಾಣಿಗೆ ಅದರದೇ ತಲೆಬರಹ ದೊರೆಯಬೇಕೆಂದು ಈ ಸೀಮೆಯ ಕನ್ನಡ ಸಂಘಗಳು ಕನ್ನಡಿಗರ ಹೆಸರಿನಲ್ಲಿಯೇ ಒತ್ತಾಯಿಸಲಿ.

ನಿವೃತ್ತನಾದ ನಾನು ಮುಂದಿನ ಗಣತಿಗೆ ಹೋಗಲಾರೆ. ಆದರೆ ತಾವು ಯಾರಾದರೂ, ಅಥವಾ ತಮ್ಮ ಮಕ್ಕಳು ಯಾರಾದರೂ, ಆ ಗುಡ್ಡದ ಬದಿಯ ಕಟ್ಟೆಯ ಮುಂದೆ ನಿಲ್ಲಬಹುದು. ಕೆಂಪು ಬಟ್ಟೆಯ ಮೇಲಿಂದ ಕಣ್ಣೆತ್ತಿ ಅವಳೋ ಅವಳ ಮಗಳೋ ಅದೇ ಪ್ರಶ್ನೆಯನ್ನು ಕೇಳಬಹುದು: ಇದು ಎಲ್ಲಿಗೆ ಹೋಗತೈತ್ರಿ? ನಾನು ಕೊಟ್ಟ ಉತ್ತರ ಅರ್ಧವಾಗಿತ್ತು. “ನಿನ್ನ ಮಾತು ನಿನ್ನ ಮಾತಿನ ಹೆಸರಿನಲ್ಲೇ ಬರಕೊಂಡು ಉಳಿತೈತಮ್ಮ” ಎಂದು ಆಕೆಯ ಮುಖ ನೋಡಿ ಹೇಳುವಂತಾಗಬೇಕು. ಅದನ್ನು ಸತ್ಯವಾಗಿಸುವ ಹೊಣೆಯನ್ನು ಈ ಸಭೆಗೆ ಒಪ್ಪಿಸುತ್ತೇನೆ.